ದೇವರಕಾಡಿನ ಐದು ಮರ

ನಮ್ಮೂರ ದೇವರಕಾಡಿನಿಂದ ಒಣಗಿದ ಕಡ್ಡಿಯನ್ನೂ ಯಾರೂ ಮನೆಗೆ ತರುವುದಿಲ್ಲ. ಆ ಕಾಡಿನ, ಅದರೊಳಗಿನ ಗುಡಿಯ ಯಜಮಾನಿಕೆ ನನ್ನ ದೊಡ್ಡಪ್ಪನದು. ಅವರಿಗೆ ಅದೇ ಮಾನ, ಅದೇ ಪ್ರಾಣ. ಮರಗಳ್ಳರಿಗೆ ಈ ಭಯಭಕ್ತಿ ಇರಲಿಲ್ಲ. ಅವರ ಮುಖಂಡ ಯಾರೆಂದು ಸುಂಟಿಕೊಪ್ಪದಲ್ಲಿ ಬಸ್ಸಿಗೆ ಕಾಯುವವರಿಗೆಲ್ಲ ಗೊತ್ತಿತ್ತು; ಗೊತ್ತಿಲ್ಲದ್ದು ಕಚೇರಿಗಳಿಗೆ ಮಾತ್ರ.

ಒಂದು ಬೆಳಿಗ್ಗೆ ನೋಡಿದರೆ ಐದು ಮರ ಉರುಳಿ, ದಿಮ್ಮಿಗಳಾಗಿ ಬಿದ್ದಿದ್ದವು. ಸಾಗಿಸುವಷ್ಟರಲ್ಲಿ ಬೆಳಕಾಗಿತ್ತೆಂದು ಕಾಣುತ್ತದೆ. ಆಗ ನಾನು ಪಂಚಾಯಿತಿ ಸದಸ್ಯ. ದೂರು ಬರೆದುಕೊಡಿ, ಮುಂದಿನದು ನನಗೆ ಬಿಡಿ ಎಂದು ದೊಡ್ಡಪ್ಪನಿಗೆ ಎದೆ ತಟ್ಟಿ ಹೇಳಿದೆ. ಪಂಚಾಯಿತಿ ತನಗೆ ಅಧಿಕಾರವಿಲ್ಲ ಎಂದಿತು. ತಾಲ್ಲೂಕು ಕಚೇರಿಯವರು ಅರಣ್ಯದವರನ್ನು ಕೇಳಿ ಎಂದರು, ಅರಣ್ಯದವರು ಅದು ಕಂದಾಯದ ಜಾಗ ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಕೊನೆಗೆ ಬಂದ ಒಬ್ಬ ಅರಣ್ಯ ಗಾರ್ಡು, ದಿಮ್ಮಿಗಳನ್ನು ರಸ್ತೆಗೆ ತಂದು ಹಾಕಿದರೆ ಸರ್ಕಾರಿ ಮರದ ಡಿಪೋಗೆ ಸಾಗಿಸುತ್ತೇನೆ ಎಂದ.

"ದೇವ್ರ ಮರನ ನಾವೇ ಹೊರಗೆ ಎಳುದ್ರೆ ನಮ್ಗೂ ಕಳ್ರಿಗೂ ಏನ್ ವ್ಯತ್ಯಾಸ?" ಎಂದರು ದೊಡ್ಡಪ್ಪ.

ಊರ ಗಂಡಸರೆಲ್ಲ ಕೈಕಟ್ಟಿ ನಿಂತೆವು. ನಾಲ್ಕಕ್ಷರ ಓದಿದ ನನಗೂ ದಿಮ್ಮಿಯ ಒಂದು ತುದಿ ಹಿಡಿಯುವ ಧೈರ್ಯ ಬರಲಿಲ್ಲ. ಮೂರನೆಯ ದಿನ ಮಟಮಟ ಮಧ್ಯಾಹ್ನ ಮರಗಳ್ಳರ ಲಾರಿ ಬಂತು. ಬೀಡಿ ಸೇದುತ್ತ, ಹಗ್ಗ ಬಿಗಿಯುತ್ತ ನಿಧಾನವಾಗಿ ತುಂಬಿಕೊಂಡು ಹೋದರು. ಠಾಣೆಗೆ ಫೋನ್ ಮಾಡಿದೆ; ಜೀಪಿಗೆ ಡ್ರೈವರ್ ಇಲ್ಲ ಎಂದರು.

ವಾರ ಕಳೆದು ತಾಲ್ಲೂಕು ಕಚೇರಿಯಿಂದ ನೋಟಿಸ್ ಬಂತು, ದೊಡ್ಡಪ್ಪನ ಹೆಸರಿಗೇ. ಕಾಡು ನೋಡಿಕೊಳ್ಳುವವರು ನೀವು, ದೂರಿನಲ್ಲಿ ಬರೆದ ಮರ ಈಗೆಲ್ಲಿ, ಯಾರಿಗೆ ಮಾರಿದಿರಿ ಎಂದು. ದೇವರ ಮರ ಮಾರಿದ ಮುದುಕ ಎಂಬ ಮಾತು ಊರಲ್ಲಿ ಹಬ್ಬಲು ಎರಡು ದಿನವೂ ಬೇಕಾಗಲಿಲ್ಲ. ಹಬ್ಬಿಸಿದವರು ಯಾರೆಂದು ಕೇಳುವ ಅಗತ್ಯವೂ ಇರಲಿಲ್ಲ.

ಗುಡಿಯಂಗಳದಲ್ಲಿ ಸಭೆ ಸೇರಿತು. ಯಜಮಾನಿಕೆಯನ್ನು ಬೇರೆಯವರಿಗೆ ವಹಿಸಬೇಕೆಂಬ ಮಾತು ಬಂತು. ಆ ಬೇರೆಯವರು ಮರಗಳ್ಳರ ಮುಖಂಡನ ಭಾವ. ಮುಖಂಡನೂ ಮುಂದಿನ ಸಾಲಿನಲ್ಲೇ ಕುಳಿತು ಎಲೆಯಡಿಕೆ ಹಾಕುತ್ತಿದ್ದ. ನನ್ನ ಕಾಫಿ ತೋಟಕ್ಕಿರುವ ಒಂದೇ ದಾರಿ ಅವನ ಜಾಗದೊಳಗೆ ಹಾದುಹೋಗುತ್ತದೆ. ದೂರು ಕೊಡಿಸಿದವನು ನಾನು ಎಂದು ದೊಡ್ಡಪ್ಪ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಒಪ್ಪುವವರು ಕೈ ಎತ್ತಿ ಎಂದರು. ದೊಡ್ಡಪ್ಪ ಎತ್ತಿದ ಕೈಗಳನ್ನು ಒಂದೊಂದಾಗಿ ನೋಡುತ್ತ ಬಂದರು. ನನ್ನದನ್ನು ಕಂಡ ಮೇಲೆ ಉಳಿದವನ್ನು ನೋಡದೆ ಎದ್ದು ಹೋದರು.