ಎಡಕ್ಕೆ ನೋಡುವ ಗಿಳಿಗಳು

ಸತ್ತೂರಿನ ಆ ಮನೆಯ ಹೊಸ್ತಿಲು ದಾಟುವಾಗಲೇ ಬಜೆ ಬೇರಿನ ವಾಸನೆ ಬಂತು. ರೇಶಿಮೆ ಬಟ್ಟೆಗೆ ನುಸಿ ಹತ್ತಬಾರದೆಂದು ನಮ್ಮ ಕಡೆ ಟ್ರಂಕಿನಲ್ಲಿ ಇಡುತ್ತಿದ್ದ ಬೇರು ಅದು. ಅದರೊಂದಿಗೆ ನಮ್ಮ ಮಗ್ಗುಲ ಮನೆಯ ಮೌಶಿ ನೆನಪಾದರು... ಅಥವಾ, ನಾನು ಹೊರಟಿದ್ದೇ ಅವರ ಮಗಳ ಮನೆಗಾದ್ದರಿಂದ, ಹುಬ್ಬಳ್ಳಿಯಲ್ಲಿ ಚಿಗರಿ ಬಸ್ಸು ಹತ್ತಿದಾಗಿನಿಂದಲೇ ನೆನಪಾಗುತ್ತಿದ್ದರೋ ಏನೋ. ಎಲ್ಲ ಶ್ರೇಯಸ್ಸನ್ನೂ ವಾಸನೆಗೆ ಕೊಡುವುದು ಸರಿಯಲ್ಲ.

ಮೌಶಿ ತೀರಿಕೊಂಡು ವರ್ಷವಾಗಿತ್ತು. ಅವರ ಟ್ರಂಕಿನಲ್ಲಿ ಎರಡು ಕಪ್ಪು ರೇಶಿಮೆ ಗೌನುಗಳು ಉಳಿದಿದ್ದವು. ಅಳತೆ ಒಂದೇ, ಮೇಲಿನ ಕಸೂತಿಯೂ ಒಂದೇ. ಒಂದರ ಕಸೂತಿ ಮೌಶಿಯೇ ಹಾಕಿದ್ದು, ಇನ್ನೊಂದರದು ಅವರು ಮನೆಯಲ್ಲಿ ನಡೆಸುತ್ತಿದ್ದ ಕಸೂತಿ ಕ್ಲಾಸಿನ ಹುಡುಗಿಯರು ಹಾಕಿದ್ದು. ಯಾವುದು ಯಾರದೆಂದು ಮೌಶಿ ಮಗಳಿಗೆ ಹೇಳಿರಲಿಲ್ಲ. ಒಂದನ್ನು ತಮ್ಮ ಸಂಗ್ರಹಕ್ಕೆ ಕೊಡಿರೆಂದು ಕಾಲೇಜೊಂದರವರು ಕೇಳಿದ್ದರು. ಅಂದು ಮಧ್ಯಾಹ್ನವೇ ಬರುವವರಿದ್ದರು. ಅವ್ವನ ಕೈಯದು ತನ್ನ ಬಳಿಯೇ ಇರಬೇಕೆಂಬುದು ಮಗಳ ಆಸೆ. ಆ ಕಾಲದಲ್ಲಿ ಮೌಶಿಯ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವಳು ನಾನು, ಅದಕ್ಕೇ ನನ್ನನ್ನು ಕರೆಸಿದ್ದಳು.

ಮಗಳು ಆಗ ಅಮ್ಮಿನಬಾವಿಯಲ್ಲಿ ಅಜ್ಜಿಯ ಹತ್ತಿರ ಸಾಲಿ ಕಲಿಯುತ್ತಿದ್ದಳು. ಮುಂಬೈಯಲ್ಲಿ ಶ್ರೀಮಂತರಿಗೆ ಬಟ್ಟೆ ವಿನ್ಯಾಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು ಮೌಶಿಯ ಕೆಲಸ ಮೆಚ್ಚಿ, ಸೀರೆಯ ಮೇಲಿನ ನಮ್ಮ ಕಸೂತಿಯನ್ನು ಗೌನಿನ ಮೇಲೆ ಹಾಕಿಕೊಡಿರೆಂದು ಕೇಳಿದ್ದಳು. ಆ ಕೆಲಸ ಹಿಡಿದ ಮೇಲೆ ಮೌಶಿಗೆ ಮಗಳನ್ನು ನೋಡಿಕೊಳ್ಳಲು ಪುರಸೊತ್ತಾಗಲಿಲ್ಲ. ರಜೆಗೆ ಬಂದ ಹುಡುಗಿ ತಾಯಿಯ ಬಗ್ಗಿದ ಬೆನ್ನು ನೋಡಿ ಹೋಗುತ್ತಿದ್ದಳು. ಮದುವೆಗೆ ಒಂದು ಕುಬುಸದ ತೋಳಿನ ಮೇಲಾದರೂ ಅವ್ವ ಸೂಜಿ ಆಡಿಸಿಕೊಡಲಿಲ್ಲ ಎಂಬ ಮುನಿಸು ಅವಳಿಗೆ ಇಂದಿಗೂ ಇದೆ.

ಗೌನುಗಳನ್ನು ಮಂಚದ ಮೇಲೆ ಮಗ್ಗುಲು ಮಗ್ಗುಲಿಗೆ ಹಾಸಿದೆವು. ಕೆಳಗಿನ ಅಂಚಿನಲ್ಲಿ ಗೋಪುರಗಳು, ತೋಳಿನಲ್ಲಿ ತುಳಸಿಕಟ್ಟೆ. ಎದೆಯ ಎಡಬಲಕ್ಕೆ ಒಂದೊಂದು ನೆಟ್ಟನೆಯ ಪಟ್ಟಿ, ಪಟ್ಟಿಯಲ್ಲಿ ಒಂದರ ಮೇಲೊಂದು ಕೂತ ಹಸಿರು ಗಿಳಿಗಳು. ವ್ಯತ್ಯಾಸ ಇದ್ದದ್ದು ಆ ಗಿಳಿಗಳಲ್ಲಿ. ಒಂದು ಗೌನಿನಲ್ಲಿ ಎರಡು ಪಟ್ಟಿಗಳ ಗಿಳಿಗಳೂ ಎದುರುಬದುರು ಮುಖ ಮಾಡಿದ್ದವು. ಇನ್ನೊಂದರಲ್ಲಿ ಎಲ್ಲವೂ ಎಡಕ್ಕೇ ನೋಡುತ್ತಿದ್ದವು. ಒಂದು ಸಾಲು ಇನ್ನೊಂದು ಸಾಲಿಗೆ ಬೆನ್ನು ತೋರಿಸಿದಂತಿತ್ತು.

ಮಗಳಿಗೆ ಇದರಲ್ಲಿ ಸಂಶಯವಿರಲಿಲ್ಲ. ತಪ್ಪಿದ್ದದ್ದು ಹುಡುಗಿಯರದು, ಅವ್ವ ಇಂಥ ತಪ್ಪು ಮಾಡುವವಳಲ್ಲ. ಎಡಕ್ಕೆ ನೋಡುವ ಗಿಳಿಗಳ ಗೌನನ್ನು ಕಾಲೇಜಿನವರಿಗೆಂದು ಆಗಲೇ ಒಂದು ಚೀಲದಲ್ಲಿ ಹಾಕಿಟ್ಟಿದ್ದಳಂತೆ, ನನಗಾಗಿ ಮತ್ತೆ ಹೊರಗೆ ತೆಗೆದಿದ್ದಳು. ನಾನು ಹೂಂ ಅಂದರೆ ಮುಗಿಯುತ್ತಿತ್ತು.

ನನಗೆ ಹೂಂ ಅನ್ನಲಾಗಲಿಲ್ಲ. ಮೌಶಿ ಗಿಳಿ ಹಾಕುತ್ತಿದ್ದುದು ನನ್ನ ಕಣ್ಣ ಮುಂದಿದೆ, ಆದರೆ ಅದು ಎತ್ತ ನೋಡುತ್ತಿತ್ತು? ಬಲಕ್ಕೆ ಎಂದುಕೊಂಡರೆ ಬಲಕ್ಕೆ ನೋಡುತ್ತದೆ, ಎಡಕ್ಕೆ ಎಂದುಕೊಂಡರೆ ಎಡಕ್ಕೆ. ಇಂಥ ನೆನಪನ್ನು ಸಾಕ್ಷಿಗೆ ಕರೆಯುವುದು ಹೇಗೆ? ಒಳಗಿನ ಅಸ್ತರು ಸ್ವಲ್ಪ ಬಿಚ್ಚಿ ಕಸೂತಿಯ ಹಿಂಬದಿ ನೋಡೋಣವೆಂದೆ.

"ಎಂ.ಎ. ಕಲ್ತಾಕಿ ನೀ. ನಿನಗ ನಿನ್ನ ಹೆಸರಿನ ಮ್ಯಾಲೂ ಸಂಶಯ ಇರ್ತೈತಿ ನೋಡಕ್ಕಾ," ಎಂದಳು. ಆದರೂ ಬ್ಲೇಡು ತಂದುಕೊಟ್ಟಳು.

ಮೊದಲು ಗಿಳಿಗಳು ಎದುರುಬದುರು ಇದ್ದ ಗೌನಿನ ಅಸ್ತರು ಬಿಚ್ಚಿದೆವು. ಹಿಂಬದಿಯಲ್ಲಿ ಸಣ್ಣ ಸಣ್ಣ ಗಂಟುಗಳು, ಒಂದು ಗಿಳಿಯಿಂದ ಇನ್ನೊಂದಕ್ಕೆ ಜಿಗಿದ ದಾರ, ಕತ್ತರಿಸದೆ ಬಿಟ್ಟ ತುದಿಗಳು. ಕೆಟ್ಟ ಕೆಲಸವೇನಲ್ಲ, ಕಲಿಯುವವರ ಕೆಲಸ. ಅವಳು ಇನ್ನೊಂದನ್ನು ತಾನೇ ಎಳೆದುಕೊಂಡು ಬಿಚ್ಚಿದಳು. ಅದರಲ್ಲಿ ಹಿಂಬದಿಯೇ ಇರಲಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೆಯೇ ಗಿಳಿಗಳು, ಎಲ್ಲೂ ಗಂಟಿಲ್ಲ. ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬಂದು ಬಿಟ್ಟದ್ದನ್ನು ತುಂಬುವ ಗವಂತಿ ಹೊಲಿಗೆ ಅದು. ಗಂಟು ಹಾಕಿದರೆ ಮೌಶಿ ಹುಡುಗಿಯರ ಕೈಗೆ ಮೊಟಕುತ್ತಿದ್ದರು. ಇದನ್ನು ಮಾತ್ರ ನಾನು ಖಚಿತವಾಗಿ ಹೇಳಬಲ್ಲೆ, ನನ್ನ ಕೈಗೂ ಮೊಟಕಿದ್ದಾರೆ.

"ಮತ್ತ ಗಿಳಿ ಯಾಕ ತಪ್ಪ್ಯಾವು?" ಎಂದಳು.

ಆಗಲೇ ನನಗೆ ಆ ಮಾತು ನೆನಪಾದದ್ದು. ಮುಂಬೈಗೆ ಕಳಿಸಿದ್ದ ಗೌನಿನ ಪಾರ್ಸಲ್ ಒಂದು ತಿರುಗಿ ಬಂದಿತ್ತು. ಅದಾದ ಒಂದೆರಡು ದಿನಕ್ಕೆ ಹುಬ್ಬಳ್ಳಿಯಿಂದ ಟೇಲರ್ ಚಾಚಾ ಬಂದು ಮೌಶಿಯ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಮೌಶಿ ಪಟ್ಟಿಗಳನ್ನು ಬಿಡಿಬಿಡಿಯಾಗಿ ಹಾಕಿ ಕೊಟ್ಟರೆ ಅವನ್ನು ಜೋಡಿಸಿ ಗೌನು ಹೊಲಿಯುತ್ತಿದ್ದವರು ಅವರು. "ಮಾರಿ ಯಾವ್ದು, ಬೆನ್ನ ಯಾವ್ದು, ನನಗ ಖರೇನ ತಿಳೀಲಿಲ್ರಿ ಅಕ್ಕಾರ," ಎಂದಿದ್ದರು. ಯಾರದೋ ಮುಖದ ಗುರುತು ಹತ್ತದೆ ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಕೊಟ್ಟಿರಬೇಕೆಂದು ನಾನು ತಿಳಿದುಕೊಂಡಿದ್ದೆ. ಇಷ್ಟು ವರ್ಷ ಹಾಗೆಯೇ ತಿಳಿದಿದ್ದೆ.

ಅವರು ಹೇಳಿದ್ದು ಪಟ್ಟಿಯ ಮಾರಿ, ಪಟ್ಟಿಯ ಬೆನ್ನು. ಎರಡೂ ಬದಿ ಒಂದೇ ಆಗಿದ್ದರಿಂದ ಒಂದು ಪಟ್ಟಿಯನ್ನು ಮಗುಚಿ ಹೊಲಿದುಬಿಟ್ಟಿದ್ದರು. ಗಿಳಿಗಳು ಅತ್ತ ತಿರುಗಿದ್ದು ಹಾಗೆ. ಹುಡುಗಿಯರ ಪಟ್ಟಿಯಲ್ಲಿ ಅವರು ತಪ್ಪುವಂತಿರಲಿಲ್ಲ, ಗಂಟುಗಳೇ ಬೆನ್ನು ಯಾವುದೆಂದು ಹೇಳುತ್ತಿದ್ದವು.

ಇದನ್ನು ಹೇಳಿದಾಗ ಅವಳು ಆ ಪಟ್ಟಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಚೀಲದಲ್ಲಿ ಹುಡುಗಿಯರ ಗೌನನ್ನು ಇಟ್ಟಳು.

ಕಾಲೇಜಿನವರು ಬಂದು, ಚಹಾ ಕುಡಿದು, ಚೀಲ ತೆಗೆದುಕೊಂಡರು. ಇದು ಕ್ಲಾಸಿನ ಹುಡುಗಿಯರ ಕೆಲಸ, ಹಾಗೆಯೇ ಬರೆಯಿರಿ ಎಂದು ಅವಳೇ ಹೇಳಿದಳು. ಬಂದವರಲ್ಲಿ ಒಬ್ಬ ಎಳೆಯ ಉಪನ್ಯಾಸಕಿ ಮಂಚದ ಮೇಲಿದ್ದ ಗೌನು ನೋಡಿ, ಆ ಪಟ್ಟಿ ಬಿಚ್ಚಿ ತಿರುಗಿಸಿ ಹೊಲಿದರೆ ಸರಿಹೋಗುತ್ತದೆ, ಬೇಕಾದರೆ ನಾವೇ ಮಾಡಿಕೊಡುತ್ತೇವೆ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

"ಬ್ಯಾಡ್ರಿ. ಈಗ ಛಲೋ ಐತಿ," ಎಂದಳು ಮೌಶಿಯ ಮಗಳು.

ಅವರು ಹೋದ ಮೇಲೆ ನನ್ನನ್ನು ಕೇಳಿದಳು, "ಚಾಚಾ ಹಂಗ ಅಂದಾಗ ಅವ್ವ ಏನಂದ್ಲು?"

ಮೌಶಿ ನಕ್ಕಿದ್ದು ನನಗೆ ನೆನಪಿದೆ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದರು. ಆದರೆ ಅಂದು ಸಂಜೆ ಮೌಶಿ ಉಣ್ಣಲಿಲ್ಲ, ಪಾರ್ಸಲ್ ತಿರುಗಿ ಬಂದದ್ದಕ್ಕೆ ಅತ್ತಳು ಎಂದು ನಮ್ಮ ತಾಯಿ ಹೇಳುತ್ತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡವರು ನಗುತ್ತಿದ್ದಾರೋ ಅಳುತ್ತಿದ್ದಾರೋ ಬಾಗಿಲಲ್ಲಿ ನಿಂತವಳಿಗೆ ತಿಳಿಯುತ್ತದೆಯೇ... ಎರಡನ್ನೂ ಅವಳಿಗೆ ಹೇಳಿದೆ. ಒಂದನ್ನು ಆರಿಸಿಕೊಡುವ ಹಕ್ಕು ನನಗಿರಲಿಲ್ಲ. ಮೌಶಿ ಇಲ್ಲ, ಚಾಚಾ ಇಲ್ಲ, ನಮ್ಮ ತಾಯಿಯೂ ಇಲ್ಲ. ಕೇಳಲು ಈಗ ಯಾರೂ ಉಳಿದಿಲ್ಲ.

ಬಿಚ್ಚಿದ ಅಸ್ತರನ್ನು ಹೊಲಿದು ಹೋಗೋಣವೆಂದು ನಾನು ಸೂಜಿ ಕೇಳಿದೆ. ಅವಳು ಕೊಡಲಿಲ್ಲ.

"ಇರ್ಲಿ ಬಿಡಕ್ಕಾ. ಹೊಲದ್ರ ಮತ್ತ ಒಂದ ಮಗ್ಗಲಾ ಕಾಣ್ತೈತಿ."