ಮೈಕು ಹೊತ್ತ ತೆಂಗಿನಕಾಯಿ

ನಮ್ಮ ಹಜಾರದ ಗೂಡಿನಲ್ಲಿ, ಟಿವಿಯ ಪಕ್ಕದಲ್ಲಿ, ಒಂದು ತೆಂಗಿನಕಾಯಿ ಇದೆ. ಅರಸೀಕೆರೆ ಕಡೆಯವನೊಬ್ಬ ತನ್ನ ಮನೆಯಲ್ಲಿ ತೆಂಗಿನಕಾಯಿ ಇದೆಯೆಂದು ಬರೆಯಲು ಕೂತರೆ ನೀವು ನಗುವುದು ನ್ಯಾಯವೇ. ಆದರೆ ಈ ಕಾಯಿ ದೇವರಿಗೆ ಒಡೆಯುವುದಲ್ಲ, ಸಾರಿಗೆ ತುರಿಯುವುದಲ್ಲ, ಅಟ್ಟದ ಮೇಲೆ ವರ್ಷವಿಡೀ ಕೂತು ಕೊಬ್ಬರಿಯಾಗುವುದೂ ಅಲ್ಲ. ಸುಲಿದು ಜುಟ್ಟು ಬಿಟ್ಟಿರುವ, ನುಣ್ಣಗೆ ದುಂಡಗಿರುವ ಈ ಕಾಯಿಯ ಕೆಲಸ ಒಂದೇ: ವರ್ಷಕ್ಕೊಮ್ಮೆ ತಲೆಯ ಮೇಲೆ ಒಂದು ಪುಟ್ಟ ಮೈಕನ್ನು ಹೊತ್ತು ಸುಮ್ಮನೆ ಕೂರುವುದು. ಇದನ್ನು ಆರಿಸಿ ಇಟ್ಟವಳು ನನ್ನ ಹೆಂಡತಿ ಗಿರಿಜಾ. ರಾಶಿಯಲ್ಲಿ ಹುಡುಕಿ ಹುಡುಕಿ, ಒಂದೊಂದನ್ನೂ ನನ್ನ ತಲೆಯ ಪಕ್ಕ ಹಿಡಿದು ನೋಡಿ, ಕೊನೆಗೆ ಇದನ್ನೆತ್ತಿ, "ನಿಮ್ಮ ತಲೆಯಷ್ಟೇ ಐತೆ ನೋಡ್ರೀ, ಒಳಗೆ ನೀರೈತೆ ಅನ್ನೋದೊಂದೇ ವ್ಯತ್ಯಾಸ" ಎಂದಿದ್ದಳು. ಹೋದ ಕಾರ್ತೀಕ ಕಳೆದ ಮೇಲೆ ಅವಳು ಮೂರೇ ದಿನದ ಕಾಯಿಲೆಯಲ್ಲಿ ತೀರಿಕೊಂಡಳು. ಕಾಯಿ ಉಳಿದಿದೆ. ತಲೆಯೂ ಉಳಿದಿದೆ, ಹೆಚ್ಚು ಉಪಯೋಗವಿಲ್ಲದಿದ್ದರೂ.

ಮೈಕು ಏಕೆಂದು ಹೇಳಬೇಕಾದರೆ ಆಂಪ್ಲಿಫೈಯರಿನ ಕಥೆ ಹೇಳಬೇಕು. ಗಿರಿಜಾ ಹಳೇಬೀಡಿನವಳು. ಅವಳ ಅಪ್ಪ ಅಲ್ಲಿನ ಟೆಂಟ್ ಸಿನಿಮಾದಲ್ಲಿ ಯಂತ್ರ ಓಡಿಸುತ್ತಿದ್ದರು. ಮನೆ ಟೆಂಟಿನ ಬೆನ್ನಿಗೇ ಇತ್ತು. ಹೀಗಾಗಿ ಅವಳು ಬಾಲ್ಯದಲ್ಲಿ ನೂರಾರು ಸಿನಿಮಾಗಳನ್ನು ಕೇಳಿದಳೇ ಹೊರತು ನೋಡಿದ್ದು ಕಡಿಮೆ. ಕತ್ತಿಯ ಟಣಟಣ, ಕುದುರೆಯ ಓಟ, ನಾಯಕಿಯ ಬಿಕ್ಕಳಿಕೆ ಎಲ್ಲವೂ ಅಡುಗೆಮನೆಯ ಗೋಡೆ ದಾಟಿ ಬರುತ್ತಿದ್ದವು, ಮುಖಗಳನ್ನು ಅವಳೇ ಕಟ್ಟಿಕೊಳ್ಳುತ್ತಿದ್ದಳು. ಒಂದು ದಿನ ಅಪ್ಪ ಒಳಗೆ ಕರೆದು ಕೂರಿಸಿದಾಗ ಅವಳಿಗಾದದ್ದು ನಿರಾಸೆ. "ದನಿ ಅಷ್ಟು ದೊಡ್ಡದು, ಮುಖ ನೋಡಿದ್ರೆ ಇಷ್ಟೇ" ಎಂದು ಮದುವೆಯಾದ ಹೊಸತರಲ್ಲಿ ನನಗೆ ಹೇಳಿದ್ದಳು. ನನ್ನ ದನಿ ಕೇಳಿಯೇ ಅವಳು ಮದುವೆಗೆ ಒಪ್ಪಿದ್ದಂತೆ. ಮುಖದ ವಿಷಯ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಇಂಥವಳು ಐದು ವರ್ಷದ ಹಿಂದೆ ಮಾದಿಹಳ್ಳಿಯ ನೆಂಟರ ಮನೆಯಲ್ಲಿ, ಗೋಡೆಗೋಡೆಗೂ ಸ್ಪೀಕರು ಹಾಕಿದ್ದ ಹಜಾರದಲ್ಲಿ, ಸಿನಿಮಾದ ಮಳೆಯೊಂದು ತನ್ನ ಬೆನ್ನಿನ ಹಿಂದೆ ಸುರಿಯುವುದನ್ನು ಕೇಳಿ ಬಂದಳು. ಆಮೇಲೆ ಮನೆಯಲ್ಲಿ ಬೇರೆ ಮಾತಿಲ್ಲ. ಬೇಲೂರಿನಲ್ಲಿ ಲೋಕೇಶ ಎಂಬ ಮೆಕ್ಯಾನಿಕ್ ಇದ್ದಾನೆ. ಅವನಪ್ಪ ಅದೇ ಟೆಂಟಿನಲ್ಲಿ ಟಿಕೆಟು ಹರಿಯುತ್ತಿದ್ದವರು, ಆದ್ದರಿಂದ ಶಬ್ದದ ವಿಷಯದಲ್ಲಿ ಗಿರಿಜಾ ಬೇರೆ ಯಾರನ್ನೂ ನಂಬುವಳಲ್ಲ. ಅವನಿಂದಲೇ ಆಂಪ್ಲಿಫೈಯರ್ ತರಿಸಿ, ಬಸ್ಸಿನಲ್ಲಿ ಆ ಭಾರದ ಪೆಟ್ಟಿಗೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡೇ ಬಂದಳು. ಕಂಡಕ್ಟರು, "ಇದಕ್ಕೆ ಅರ್ಧ ಟಿಕೆಟ್ ತಗೊಳ್ಳಿ ಅಮ್ಮಾ, ಐದು ವರ್ಷ ದಾಟಿರೋ ಹಂಗೈತೆ" ಎಂದನಂತೆ.

ಐದು ಸ್ಪೀಕರು, ಜೊತೆಗೆ ಗುಡುಗುವುದಕ್ಕೆಂದೇ ಒಂದು ದಪ್ಪ ಪೆಟ್ಟಿಗೆ. ಮೊದಲ ದಿನ ಅದು ಗುಡುಗಿದಾಗ ಅಟ್ಟದ ಹಲಗೆಗಳು ನಡುಗಿ, ಮೇಲಿದ್ದ ಕಾಯಿಗಳು ಒಂದಕ್ಕೊಂದು ಹಲ್ಲು ಕಡಿದವು. ಇಂಥ ಯಂತ್ರಕ್ಕೆ ಮನೆಯ ಪರಿಚಯ ಮಾಡಿಕೊಡಬೇಕು. ಕೇಳುವವರು ಕೂರುವ ಜಾಗದಲ್ಲಿ, ಅವರ ಕಿವಿಯ ಎತ್ತರಕ್ಕೆ, ಅದರ ಮೈಕನ್ನಿಟ್ಟು ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕು. ಅದು ಒಂದೊಂದು ಸ್ಪೀಕರಿನಿಂದಲೂ ಬುಸ್ ಬುಸ್ ಎಂದು ಉಸಿರು ಬಿಟ್ಟು, ಯಾವುದು ಎಷ್ಟು ದೂರ, ಯಾವುದನ್ನು ಏರಿಸಬೇಕು, ಯಾವುದನ್ನು ಇಳಿಸಬೇಕೆಂದು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಆ ಒಂದು ಜಾಗದಲ್ಲಿ ಕೂತವರಿಗೆ ಮಾತ್ರ ಎಲ್ಲ ದನಿಯೂ ತಕ್ಕ ಹದದಲ್ಲಿ ಬಂದು ಸೇರುತ್ತದೆ, ಉಳಿದವರಿಗೆ ಬಂದಷ್ಟು. ಸ್ಟೂಲು, ಅದರ ಮೇಲೆ ನಾಲ್ಕು ಮಡಿಕೆಯ ಗೋಣಿಚೀಲ, ಅದರ ಮೇಲೆ ಸಿಂಬಿ, ಸಿಂಬಿಯ ಮೇಲೆ ಈ ಕಾಯಿ, ಕಾಯಿಯ ಜುಟ್ಟಿನಲ್ಲಿ ಮೈಕು: ಇದು ಗಿರಿಜಾಳ ಏರ್ಪಾಡು. ಪ್ರತಿವರ್ಷ ಅಟ್ಟದಿಂದ ಕಾಯಿ ಇಳಿಸಿದ ಮೇಲೆ ಮನೆಯ ದನಿ ಬದಲಾಗುತ್ತದೆಂದು ಹೇಳಿ ಇದನ್ನೆಲ್ಲ ಮತ್ತೆ ಮಾಡುತ್ತಿದ್ದಳು. ಆಗ ನನ್ನನ್ನು ಹೊರಗೆ ಅಟ್ಟುತ್ತಿದ್ದಳು.

"ನಿಮ್ಮ ಕೆಮ್ಮು ಮಿಷನ್ನಿಗೆ ಆಗಲ್ಲ ಕಣ್ರೀ. ತ್ವಾಟದ ಕಡೆ ಹೋಗಿ ಬನ್ನಿ."

"ಮನೆ ಯಜಮಾನನ್ನೇ ಆಚೆಗೆ ಕಳಿಸೋ ಮಿಷನ್ ಯಾವುದೇ ಅದು?"

"ಬುದ್ಧಿ ಇರೋ ಮಿಷನ್" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಹಜಾರದ ನಟ್ಟನಡುವೆ, ಟಿವಿಗೆ ನೇರವಾಗಿ ಅವಳ ಬೆತ್ತದ ಕುರ್ಚಿ. ನನ್ನದು ಬಲಗಡೆ ಬಾಗಿಲ ಪಕ್ಕದ ಮರದ ಬೆಂಚು. ಎಲೆ ಅಡಿಕೆ ಉಗಿಯಲು ಹೋಗಿಬರುವುದಕ್ಕೆ ಅನುಕೂಲ. ಸಿನಿಮಾ ಶುರುವಾದರೆ ಅವಳು ಕಣ್ಣು ಅರೆಮುಚ್ಚಿ ಬೆತ್ತದ ಕುರ್ಚಿಗೆ ಒರಗಿ, ಆಗಾಗ "ಆಹಾ, ಏನ್ ಸೌಂಡು ಕಣ್ರೀ!" ಎನ್ನುವಳು. ಒಳ್ಳೆಯ ಜಾಗವನ್ನೆಲ್ಲ ತಾನೇ ಹಿಡಿದಿದ್ದಾಳೆಂದು ನಾನು ಹಂಗಿಸುವುದೂ, ಆ ಕುರ್ಚಿಯಲ್ಲಿ ಒಮ್ಮೆ ಕೂರುತ್ತೇನೆ ಎಂದರೆ "ಬೆತ್ತ ಮುರಿದೀತು, ಏಳಿ ಏಳಿ" ಎಂದು ಅವಳು ಎಬ್ಬಿಸುವುದೂ ನಡೆದೇ ಇತ್ತು. ಹಾಗೆಂದು ನನಗೇನೂ ಕೊರತೆಯಾಗಿರಲಿಲ್ಲ. ಬಾಗಿಲ ಬಳಿಯೂ ಒಂದೊಂದು ಮಾತು ಮುತ್ತು ಸುರಿದ ಹಾಗೆ ಕೇಳುತ್ತಿತ್ತು. ನನ್ನ ಕಿವಿ ಸ್ವಲ್ಪ ಮಂದವಾಗಿದೆಯೆಂದು ನೆಂಟರಲ್ಲಿ ಯಾರೋ ಆಡಿಕೊಂಡಾಗ ನಾನು ಈ ಬೆಂಚನ್ನೇ ಸಾಕ್ಷಿಗೆ ಕರೆದಿದ್ದೇನೆ: "ಮಂದ ಆಗಿದ್ರೆ ಮೂಲೇಲಿ ಕೂತು ಇಷ್ಟು ಸ್ಪಷ್ಟ ಕೇಳ್ತಿತ್ತೇನ್ರೀ? ಜನ ಈಗ ಬಾಯೊಳಗೆ ಮಾತಾಡ್ತಾರೆ, ಅದು ಅವರ ರೋಗ." ಗಿರಿಜಾ ಇಂಥ ಹೊತ್ತಿನಲ್ಲಿ ಕಾಫಿ ತರಲು ಒಳಗೆ ಹೋಗಿಬಿಡುತ್ತಿದ್ದಳು.

ಅವಳು ಹೋದ ಮೇಲೆ ತಿಂಗಳುಗಟ್ಟಲೆ ಯಾರೂ ಅದನ್ನು ಹಾಕಲಿಲ್ಲ. ಹಾಕಬಾರದೆಂದು ನಮ್ಮಲ್ಲಿ ಯಾರೂ ಹೇಳಿರಲಿಲ್ಲ, ಮನಸ್ಸಾಗಲಿಲ್ಲ, ಅಷ್ಟೆ. ಈಚೆಗೆ ಒಂದು ಬೆಳಿಗ್ಗೆ ಹಾಕಿದರೆ ಚಿತ್ರ ಬರುತ್ತದೆ, ದನಿಯಿಲ್ಲ. ಮಗ, "ಬಿಡಪ್ಪ, ಉದ್ದಕ್ಕೆ ಒಂದೇ ಪಟ್ಟಿ ಥರದ ಸ್ಪೀಕರು ಬಂದೈತೆ, ತರೋಣ" ಎಂದ. ನಾನು ಲೋಕೇಶನಿಗೆ ಫೋನು ಮಾಡಿದೆ. ಅವನು ಎಲ್ಲ ಕೇಳಿ, "ಒಳಗಿರೋದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಬೇಕಾಯ್ತದೆ ಯಜಮಾನ್ರೇ, ಭಾನುವಾರ ಬತ್ತೀನಿ" ಎಂದ.

ಅಳಿಸುವುದು ಎಂಬ ಮಾತು ನನಗೆ ಸೇರಲಿಲ್ಲ. ಅವಳ ಸೀರೆಗಳನ್ನು ಸೊಸೆ ಹಂಚಿದಳು, ಬೇಡವೆನ್ನಲಿಲ್ಲ. ಆದರೆ ಯಂತ್ರದ ಹೊಟ್ಟೆಯೊಳಗೆ, ನನ್ನ ಗಿರಿಜಾ ಎಲ್ಲಿ ಕೂರುತ್ತಿದ್ದಳು, ಅವಳ ಕಿವಿ ನೆಲದಿಂದ ಎಷ್ಟು ಎತ್ತರದಲ್ಲಿತ್ತು ಎಂಬುದು ಅಡಿಯಲ್ಲಿ ಅಂಗುಲದಲ್ಲಿ ಇದೆಯಲ್ಲ. ಅವಳು ಕೂತಿದ್ದ ಜಾಗವನ್ನು ಇನ್ನೂ ಕರಾರುವಾಕ್ಕಾಗಿ ನೆನಪಿಟ್ಟುಕೊಂಡಿರುವುದು ಮನೆಯಲ್ಲಿ ಅದೊಂದೇ ಎಂದು ನನಗನ್ನಿಸಿತ್ತು. ಅದನ್ನು ಒಂದು ಗುಂಡಿ ಒತ್ತಿ ಅಳಿಸಲು ಒಪ್ಪುವುದೇ ಬೇಡವೇ ಎಂದು ಭಾನುವಾರದವರೆಗೂ ಗೂಡಿನಲ್ಲಿದ್ದ ತೆಂಗಿನಕಾಯಿಯ ಜೊತೆ ಆಲೋಚಿಸಿದೆ.

ಲೋಕೇಶ ಬಂದವನು ನನ್ನ ಮುಖ ನೋಡಿ ಅರ್ಥ ಮಾಡಿಕೊಂಡ. "ಅಳಿಸೋಕೆ ಮುಂಚೆ ಅಕ್ಕ ಹಾಕಿರೋ ಅಳತೆಯೆಲ್ಲ ಬರ್ಕಳಾಣ. ಆಮೇಲೆ ಅದನ್ನೇ ತಿರುಗಿ ತುಂಬಿದ್ರಾಯ್ತು" ಎಂದ. ಇಷ್ಟು ಸುಲಭವೆಂದು ತಿಳಿದಿದ್ದರೆ ನಾನು ನಾಲ್ಕು ದಿನ ಊಟ ಸರಿಯಾಗಿ ಮಾಡುತ್ತಿದ್ದೆ. ಟಿವಿಯ ಪರದೆಯ ಮೇಲೆ ಅಂಕಿಗಳು ಮೂಡಿದವು. ಅವನು ಓದಿದ, ತಲೆ ಕೆರೆದ.

"ಎಡಗಡೆ ಸ್ಪೀಕರು ಹದಿಮೂರು ಅಡಿ, ಬಲಗಡೇದು ಐದು ಅಡಿ ಅಂತೈತೆ. ಅಕ್ಕನ ಕುರ್ಚಿ ನಡುವೆ ಐತೆ, ಎರಡೂ ಸಮ ಇರಬೇಕಿತ್ತು. ಮಿಷನ್ ತಪ್ಪು ಹಿಡ್ಕಂಡೈತೆ ಯಜಮಾನ್ರೇ."

ಗಿರಿಜಾಳ ಅಳತೆಯಲ್ಲಿ ತಪ್ಪೇ? ನನಗೆ ಕೋಪ ಬಂತು. "ಟೇಪು ತಗಿ, ಅಳೆ" ಎಂದೆ. ಅವನು ಟೇಪಿನ ತುದಿಯನ್ನು ಎಡಗಡೆಯ ಸ್ಪೀಕರಿಗೆ ಸಿಕ್ಕಿಸಿ ಬಿಚ್ಚುತ್ತಾ ಹಿಂದೆ ಹಿಂದೆ ಬಂದ. ಬೆತ್ತದ ಕುರ್ಚಿ ದಾಟಿತು. ಹದಿಮೂರು ಅಡಿ ಮುಗಿದದ್ದು ನನ್ನ ಮೂಗಿನ ಮುಂದೆ. ಬಲಗಡೆಯಿಂದ ಐದು ಅಡಿ ಹಿಡಿದ. ಅದೂ ಬಂದು ನನ್ನ ಭುಜದ ಹತ್ತಿರವೇ ನಿಂತಿತು. ಬೆಂಚಿನ ಮೇಲೆ ಕೂತಿದ್ದ ನನ್ನನ್ನು ಅವನೂ, ಅವನನ್ನು ನಾನೂ ನೋಡಿದೆವು.

"ಇಲ್ಲೇ ಮೈಕು ಇಟ್ಟವ್ರೆ" ಎಂದು ಮೆಲ್ಲಗೆ ಹೇಳಿದ. ಮತ್ತೆ ಪರದೆಯ ಕಡೆ ತಿರುಗಿ, "ದೂರ ಇರೋದನ್ನ ಮಿಷನ್ನೇ ಒಂದಷ್ಟು ಏರಿಸ್ತದೆ. ಅದರ ಮೇಲೆ ಎಡಗಡೇದನ್ನೂ ಮಾತು ಬರೋ ನಡುವಿನ ಸ್ಪೀಕರನ್ನೂ ಇನ್ನಷ್ಟು ಏರ್ಸವ್ರೆ. ಇದು ಕೈಯಾರೆ ಮಾಡಿರೋದು" ಎಂದ.

"ಎಡಗಡೆ ಯಾಕಪ್ಪಾ ಜಾಸ್ತಿ?"

ಲೋಕೇಶ ಟೇಪು ಸುತ್ತುವುದರಲ್ಲಿ ಬಹಳ ಮಗ್ನನಾದ. "ಅದೂ… ಆ ಕಡೆ ಕಿವಿ ಒಂಚೂರು…"

"ಕಿವುಡು ಅನ್ನು, ಪರವಾಗಿಲ್ಲ" ಎಂದೆ. ಮಗನನ್ನು ಕರೆದು ಕೇಳಿದರೆ ಅವನು ಅಟ್ಟದ ಹಲಗೆಗಳನ್ನು ಎಣಿಸತೊಡಗಿದ. ಮನೆಗೆಲ್ಲ ಗೊತ್ತಿದ್ದು ನನಗೊಬ್ಬನಿಗೇ ಗೊತ್ತಿಲ್ಲದ ಸಂಗತಿಯೆಂದರೆ ನನ್ನ ಕಿವಿ.

ಆಮೇಲೆ ಒಂದೊಂದೇ ನೆನಪಾದವು. ಕೊಬ್ಬರಿ ಆರಿಸುವುದೆಂದರೆ ಕಾಯಿಯನ್ನು ಕಿವಿಯ ಬಳಿ ಅಲುಗಿಸಿ ನೋಡುವುದು. ಒಳಗಿನ ಗಿಟುಕು ಚಿಪ್ಪು ಬಿಟ್ಟು ಲೊಟಲೊಟ ಎಂದರೆ ಆಗಿದೆ, ಸುಮ್ಮನಿದ್ದರೆ ಇನ್ನೂ ಇಲ್ಲ. ಮೊದಲು ಎರಡು ಕೈಯಲ್ಲೂ ಎರಡು ಕಿವಿಗೂ ಹಿಡಿಯುತ್ತಿದ್ದವನು ಯಾವಾಗ ಬಲಗೈ ಒಂದಕ್ಕೇ ಇಳಿದೆನೋ ತಿಳಿಯದು. ಆಗಿನಿಂದಲೇ ಇರಬೇಕು, ಗಿರಿಜಾ "ಒಳಗೆ ಕೂತು ಬ್ಯಾಸರ" ಎಂದು ಅಟ್ಟದ ಕೆಳಗೆ ನನ್ನ ಜೊತೆ ಬಂದು ಕೂರತೊಡಗಿದ್ದು, ನಾನು ಆರಿಸಿದ ರಾಶಿಯನ್ನು "ಸುಮ್ಮನೆ ಜೋಡಿಸ್ತೀನಿ" ಎಂದು ಒಂದೊಂದನ್ನೇ ಎತ್ತಿ ತನ್ನ ಕಿವಿಗೆ ಹಿಡಿದು ಇಡುತ್ತಿದ್ದದ್ದು. ಇನ್ನೊಂದು ನೆನಪಾಗಿ ನಗುವೇ ಬಂತು. ನಮ್ಮ ತೋಟಕ್ಕೆ ಜಂಕ್ಷನ್ನಿನ ರೈಲುಗಳ ಕೂಗು ಕೇಳುತ್ತದೆ. "ಈಚೆಗೆ ರೈಲು ಕಡಿಮೆ ಆಗ್ಯಾವೆ ಅಲ್ಲೇನೇ?" ಎಂದು ಒಂದು ಸಂಜೆ ಕೇಳಿದ್ದೆ. ಅವಳು ಅವರೆಕಾಯಿ ಸುಲಿಯುತ್ತಾ, ತಲೆಯೆತ್ತದೆ, "ಹೂಂ ಕಣ್ರೀ, ಕಡಿಮೆ ಆಗ್ಯಾವೆ" ಎಂದಿದ್ದಳು. ನನ್ನ ಮನಸ್ಸು ನೋಯದಿರಲೆಂದು ರೈಲ್ವೆಯವರ ಗಾಡಿಗಳನ್ನೇ ಕಡಿಮೆ ಮಾಡಿದ ಹೆಂಗಸು ಅವಳು.

ಆದರೆ ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಆ "ಆಹಾ". ದನಿಯ ಒಂದು ಎಳೆ ಆಚೀಚೆಯಾದರೆ ಮುಖ ಕಿವುಚುತ್ತಿದ್ದವಳು, ಎಡಗಡೆ ಅಬ್ಬರಿಸಿ ಬಲಗಡೆ ಮಂಕಾಗಿರುವ ಜಾಗದಲ್ಲಿ ವರ್ಷಗಟ್ಟಲೆ ಕೂತು, ಕಣ್ಣು ಅರೆಮುಚ್ಚಿ, ಏನ್ ಸೌಂಡು ಎಂದಳಲ್ಲ. ನಾನು ಅಲ್ಲಿ ಕೂತರೆ ಗುಟ್ಟು ತಿಳಿದೀತೆಂದು ಬೆತ್ತದ ಮೇಲೆ ನೆಪ ಹಾಕಿದಳಲ್ಲ. ಒಳ್ಳೆಯ ಜಾಗವನ್ನು ಬಿಟ್ಟುಕೊಟ್ಟವರು ಅದನ್ನು ಹೇಳಿಕೊಳ್ಳುವುದುಂಟು. ಬಿಟ್ಟುಕೊಟ್ಟೂ ತಾನೇ ಹಿಡಿದಿದ್ದಾಳೆಂದು ಬೈಸಿಕೊಳ್ಳುವುದನ್ನು ಇವಳು ಎಲ್ಲಿ ಕಲಿತಳೋ. ಟೆಂಟಿನ ಹಿಂದೆ, ಮುಖ ಕಾಣದ ಮನೆಯಲ್ಲಿ ಕೂತು ಕೇಳಿದವಳಿಗೆ, ಕೇಳುವುದೆಂದರೆ ಇನ್ನೊಬ್ಬರಿಗೆ ಏನು ಕೇಳುತ್ತಿಲ್ಲ ಎಂಬುದನ್ನೂ ಕೇಳಿಸಿಕೊಳ್ಳುವುದು ಎಂದು ತಿಳಿದಿತ್ತೇನೋ. ಜೊತೆಗೆ ಬಾಳಿದ ಅಷ್ಟು ವರ್ಷದಲ್ಲಿ ನಾನು ಅವಳನ್ನು ಎಷ್ಟು ಕೇಳಿಸಿಕೊಂಡೆ ಎಂದು ಈಗ ಅಳೆಯಲು ಯಾವ ಮೈಕಿದೆ ಹೇಳಿ.

"ಬರ್ಕಂಡಿದೀನಿ ಯಜಮಾನ್ರೇ. ಅಳಿಸಿ ಇದನ್ನೇ ತುಂಬಲಾ?" ಎಂದು ಲೋಕೇಶ ಕೇಳಿದ.

ನಾನು ಎದ್ದು ಗೂಡಿನಿಂದ ಕಾಯಿ ತಂದೆ. ಬೆತ್ತದ ಕುರ್ಚಿಯನ್ನು ಒಂದಿಷ್ಟು ಸರಿಸಿ ಅದರ ಜಾಗದಲ್ಲಿ ಸ್ಟೂಲು ಇಟ್ಟೆ. ಗೋಣಿಚೀಲ ಹಾಕಲಿಲ್ಲ, ಅವಳು ನನಗಿಂತ ಗಿಡ್ಡ. ಸಿಂಬಿ, ಅದರ ಮೇಲೆ ಕಾಯಿ, ಜುಟ್ಟಿನಲ್ಲಿ ಮೈಕು. "ಅಳಿಸಪ್ಪ, ಒಂದು ಸಲ ಇಲ್ಲಿಗೆ ಅಳತೆ ತಗೊಳ್ಳಲಿ" ಎಂದೆ.

"ಅಲ್ಲಿಗಾ? ಹಂಗಾದ್ರೆ ನಿಮಗೆ ಆ ಬೆಂಚಲ್ಲಿ ಏನೂ ಸರಿಯಾಗಿ ಕೇಳಲ್ಲ, ಯಜಮಾನ್ರೇ."

"ಗೊತ್ತು. ಆ ಚೀಟಿ ಇಟ್ಟಿರು. ದೀಪಾವಳಿ ಕಳೆಯೋವರೆಗೂ ಅವಳ ಜಾಗಕ್ಕೇ ಇರ್ಲಿ, ಆಮೇಲೆ ಅದನ್ನ ತುಂಬುವಂತೆ."

ಅಳೆಯುವಾಗ ನಾನು ಕೆಮ್ಮದೆ, ಯಾರೂ ಹೇಳದಿದ್ದರೂ ತೋಟದ ಕಡೆ ಹೋಗಿ ನಿಂತೆ. ಬುಸ್ ಬುಸ್ ಎಂದು ಉಸಿರಾಡಿದ್ದು ಕಿಟಕಿಯಿಂದ ಕೇಳಿತು. ಬಲಗಿವಿಗೆ ಎಂದು ಈಗ ಸೇರಿಸಬೇಕು. ಒಳಗೆ ಬಂದು ನನ್ನ ಬೆಂಚಿನ ಮೇಲೆ ಕೂತೆ. ಲೋಕೇಶ ಮಳೆ ಸುರಿಯುವ ಒಂದು ದೃಶ್ಯ ಹಾಕಿದ. ಕುರ್ಚಿಯನ್ನು ತಿರುಗಿ ಅದರ ಜಾಗಕ್ಕೆ ಎಳೆದು, ಕಾಯಿಯನ್ನು ಮಾತ್ರ ಅದರಲ್ಲೇ ಕೂರಿಸಿದ್ದೆ. ಅದರ ಸುತ್ತ ನಾಲ್ಕು ದಿಕ್ಕಿಗೂ ಸಮನಾಗಿ ಮಳೆ ಬೀಳುತ್ತಿದ್ದಿರಬೇಕು. ನನ್ನ ಕಡೆಗೆ ಬಂದದ್ದು ಬಲಗಡೆಯ ಒಂದು ಸೂರಿನ ನೀರು ಮಾತ್ರ. ಯಾರೋ ಯಾರಿಗೋ ಏನೋ ಹೇಳಿದರು, ತುಟಿ ಆಡಿದ್ದು ಕಾಣಿಸಿತು.

"ಹೆಂಗೈತೆ ಯಜಮಾನ್ರೇ ಸೌಂಡು?" ಎಂದು ಲೋಕೇಶ ಗಟ್ಟಿಯಾಗಿ ಕೂಗಿದ.

ನಾನು ಬೆಂಚಿಗೆ ಒರಗಿ, ಕಣ್ಣು ಅರೆಮುಚ್ಚಿಕೊಂಡು, ಬೆತ್ತದ ಕುರ್ಚಿಯ ಕಡೆ ಮುಖ ಮಾಡಿ, "ಆಹಾ" ಎಂದೆ.