ಕವಳ ಉಗುಳಿಸಿ ಅಳೆದ ಉಸಿರು

ಸಾಗರದ ಆಸ್ಪತ್ರೆಯ ಬೆಂಚಿನಲ್ಲಿ ಕೆಮ್ಮುತ್ತ ಕುಳಿತವರಲ್ಲೇ ಕಿರಿಯ ವೈದ್ಯರಿಗೆ ಸಂಶೋಧನೆಯ ಅವಕಾಶವಿದೆಯೆಂದು ಮನಗಾಣಿಸಿದವರು, ಶ್ವಾಸಕೋಶ ಹಾಗೂ ತೀವ್ರನಿಗಾ ಚಿಕಿತ್ಸೆಯ ಪ್ರಾಧ್ಯಾಪಕಿ ಡಾ. ವೇದಾವತಿಯವರು. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರ ಸಿಟ್ಟಿನ ರುಚಿ ಕಾಣದ ಶಿಷ್ಯರಿಲ್ಲ. ಸಿಟ್ಟಿನ ಬೆನ್ನಿಗೇ ಬರುವ ಕಾಫಿ ಕುಡಿಯದವರೂ ಇಲ್ಲ.

ತೀರ್ಥಹಳ್ಳಿಯ ಚೈತ್ರಾಳಿಗೆ ಎರಡೂ ಕೊಂಚ ಹೆಚ್ಚೇ ಸಿಕ್ಕವು. ಅಕ್ಕಿ ಗಿರಣಿಯ ಧೂಳಿನಲ್ಲಿ ದುಡಿಯುವವರ ಶ್ವಾಸಕೋಶವೇ ಆಕೆಯ ಸ್ನಾತಕೋತ್ತರ ಪ್ರಬಂಧದ ವಿಷಯ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಗಿರಣಿ ಸುತ್ತಿ ನೂರನಲವತ್ತು ಜನರಿಂದ ಉಸಿರಿನ ಬಲ ಅಳೆಯುವ ಯಂತ್ರಕ್ಕೆ ಊದಿಸಿದಳು. ಬಹುತೇಕ ಎಲ್ಲರ ಉಸಿರೂ ಕಡಿಮೆ ಬಂತು. ಇಷ್ಟು ದೊಡ್ಡ ಫಲಿತಾಂಶ ಸಿಕ್ಕಿತೆಂದು ಹಿಗ್ಗಿ ಗುರುಗಳ ಮುಂದೆ ಹರಡಿದಳು. ಪ್ರಬಂಧ ಸಲ್ಲಿಸಲು ಆರೇ ವಾರ ಉಳಿದಿತ್ತು. ತಪ್ಪಿದರೆ ಆ ವರ್ಷ ಪರೀಕ್ಷೆಗೆ ಕೂರುವಂತಿರಲಿಲ್ಲ.

ಅಂಕಿಗಳನ್ನು ಬದಿಗಿಟ್ಟ ಮೇಡಂ, ಅವಳ ಚೀಲದಲ್ಲಿದ್ದ, ಊದಲು ಬಳಸಿದ ರಟ್ಟಿನ ಕೊಳವೆಗಳನ್ನು ತೆಗೆದು ನೋಡಿದರು. ತುದಿಯೆಲ್ಲ ಎಲೆಯಡಿಕೆಯ ರಸದಿಂದ ಕೆಂಪಾಗಿತ್ತು.

"ಕವಳ ಉಗುಳಿಸಿದ್ಯಾ?"

"ಬಾಯಲ್ಲಿ ಕವಳ ಇದ್ದಿದ್ದೇ ಗೊತ್ತಾಗ್ಲಿಲ್ಲ ಮೇಡಂ."

"ಡಾಕ್ಟ್ರಮ್ಮನ ಎದ್ರು ಉಗುಳೋಕೆ ನಾಚ್ಕೆ ಮಾರಾಯ್ತಿ ಅವ್ರಿಗೆ. ದವಡೆಗೆ ಒತ್ಕಂಡು ಮೆಲ್ಲಗೆ ಊದಿದಾರೆ. ಎಲ್ಲಾ ಮತ್ತೆ ಮಾಡು."

ಚೈತ್ರಾ ಅತ್ತೇಬಿಟ್ಟಳು. ಮರುದಿನ ಗಿರಣಿಗೆ ಹೋದರೆ, ಬಾಗಿಲಲ್ಲಿ ಒಂದು ಕೊಡ ನೀರಿನೊಂದಿಗೆ ಮೇಡಂ ಅವರೇ ನಿಂತಿದ್ದರು. ಎಂದೂ ಕವಳ ಹಾಕದ ಅವರು ಅಂದು ಬೇಕೆಂದೇ ಹಾಕಿಕೊಂಡು ಬಂದಿದ್ದರು. ಎಲ್ಲರೆದುರೇ ಅದನ್ನು ಉಗುಳಿ, ಬಾಯಿ ಮುಕ್ಕಳಿಸಿ, "ಈಗ ನೀವು" ಎಂದರು. ಕೆಲಸಗಾರರು ನಗುತ್ತ ಸಾಲು ನಿಂತರು. ಉಳಿದ ರಜೆಯನ್ನೆಲ್ಲ ಹಾಕಿ ಮೇಡಂ ಐದು ವಾರ ಶಿಷ್ಯೆಯೊಡನೆ ತಿರುಗಿದರು.

ಹೊಸ ಅಳತೆಯಲ್ಲಿ ಕಾಯಿಲೆಯವರು ಹನ್ನೊಂದೇ ಜನ. ಚೈತ್ರಾ ಮುಖ ಸಣ್ಣದು ಮಾಡಿಕೊಂಡಳು. ಆದರೆ ಆ ಹನ್ನೊಂದರಲ್ಲಿ ಹೊಸನಗರದ ಜಟ್ಟಿಂಗಪ್ಪನವರ ಉಸಿರು ತೀರಾ ಇಳಿದಿತ್ತು; ಬಹುತೇಕ ಎಲ್ಲರೂ ಕಾಯಿಲೆಯವರೇ ಆಗಿದ್ದ ಹಳೆಯ ಪಟ್ಟಿಯಲ್ಲಿ ಅವರು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದೇ ದಿನ ಅವರನ್ನು ತೀವ್ರನಿಗಾ ಘಟಕಕ್ಕೆ ಸೇರಿಸಲಾಯಿತು, ಬದುಕಿಕೊಂಡರು. ಪ್ರಬಂಧವೂ ಕೊನೆಯ ದಿನ ಸಲ್ಲಿಕೆಯಾಯಿತು.

ಇಂದು ಚೈತ್ರಾ ಅದೇ ವಿಭಾಗದಲ್ಲಿ ಅಧ್ಯಾಪಕಿ. ನಿವೃತ್ತಿಯ ನಂತರವೂ ಪ್ರತಿ ಶನಿವಾರ ಕಿರಿಯರ ಸಂಶೋಧನೆಗೆ ದಾರಿ ತೋರಲು ಮೇಡಂ ಒಪ್ಪಿರುವುದು ನಮ್ಮೆಲ್ಲರ ಭಾಗ್ಯ. ಅವರಿಗೆ ಆಯುರಾರೋಗ್ಯ ತುಂಬಿರಲಿ, ಸಿಟ್ಟೂ ಹೀಗೇ ಇರಲಿ. ಬೀಳ್ಕೊಡುಗೆ ಸಮಾರಂಭದ ಸುದ್ದಿ ತಿಳಿದು ಜಟ್ಟಿಂಗಪ್ಪನವರು ಚೈತ್ರಾಳಿಗೆ ಫೋನ್ ಮಾಡಿದ್ದರು: "ನಾನೂ ಬರ್ತೀನಮ್ಮ. ಆಟೋ ಬ್ಯಾಡ, ಬಸ್‌ಸ್ಟ್ಯಾಂಡಿಂದ ನಡ್ಕಂಡೇ ಬರ್ತೀನಿ. ಬಾಯಿ ತೊಳ್ಕಂಡೇ ಬರ್ತಾನೆ ಅಂತ ಮೇಡಂಗೆ ಹೇಳಿ."